ಪೆಟ್ಟಿಗೆಯೂ ಪ್ರಮಾಣದ ಭಾಗವೇ

ಹುಬ್ಬಳ್ಳಿಯ ಫಾರ್ಮಸಿ ಕಾಲೇಜೊಂದರ ಪ್ರಾಣಿಗೃಹದಲ್ಲಿ ಮಾರ್ಫಿನ್ ಸಂವೇದನೀಕರಣದ ಪ್ರಯೋಗಗಳನ್ನು ಮಾಡುತ್ತೇನೆ. ಅಷ್ಟೇ ಪ್ರಮಾಣದ ಮಾರ್ಫಿನ್ನನ್ನು ಬಿಟ್ಟುಬಿಟ್ಟು ಕೊಡುತ್ತ ಹೋದರೆ ಇಲಿಯ ಓಡಾಟ ಏರುತ್ತ ಹೋಗುತ್ತದೆ, ಇದೇ ಸಂವೇದನೀಕರಣ. ನೋವು ಶಮನದಲ್ಲಿ ಮಾತ್ರ ತಿರುಗುಮುರುಗು: ಸಹಿಷ್ಣುತೆ ಬೆಳೆದು ಔಷಧದ ಪರಿಣಾಮ ಕುಗ್ಗುತ್ತದೆ.

ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ, ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆಯ ಕಾಗದಪತ್ರ, ಬೀಗದ ಕಪಾಟು, ಮಿಲಿಗ್ರಾಂ ಲೆಕ್ಕದ ರಿಜಿಸ್ಟರು. ಅದರ ಪುರಾಣ ಇಲ್ಲಿ ಬೇಡ.

ಸ್ವಿಸ್ ತಳಿಯ ಬಿಳಿ ಇಲಿಗಳನ್ನು ಮೂರು ಗುಂಪು ಮಾಡುತ್ತೇನೆ. ಮೊದಲ ಗುಂಪಿಗೆ ಓಡಾಟ ಎಣಿಸುವ ಆಕ್ಟೋಫೋಟೋಮೀಟರ್ ಪೆಟ್ಟಿಗೆಯಲ್ಲಿ ಮಾರ್ಫಿನ್, ಕೆಲವು ಗಂಟೆಗಳ ನಂತರ ವಾಸದ ಪಂಜರದಲ್ಲಿ ಸಲೈನ್. ಎರಡನೆಯದಕ್ಕೆ ಪೆಟ್ಟಿಗೆಯಲ್ಲಿ ಸಲೈನ್, ಪಂಜರದಲ್ಲಿ ಮಾರ್ಫಿನ್. ಮೂರನೆಯದಕ್ಕೆ ಎರಡೂ ಕಡೆ ಸಲೈನ್. ಕೊನೆಗೆ ಎಲ್ಲವಕ್ಕೂ ಪೆಟ್ಟಿಗೆಯಲ್ಲೇ ಮಾರ್ಫಿನ್. ಮೊದಲೆರಡು ಗುಂಪುಗಳ ಮೈ ಸೇರಿದ ಔಷಧ ಸರಿಸಮ, ಆದರೂ ಹೆಚ್ಚು ಓಡುವುದು ಮೊದಲನೆಯದೇ. ಬಾಲ ಸೆಟೆದು ಬೆನ್ನಿನತ್ತ ಬಾಗುತ್ತದೆ. ಗೋಡೆಗುಂಟ ಸುತ್ತುವ ಇಲಿ ಮೂಸಲೂ ನಿಲ್ಲುವುದಿಲ್ಲ. ಅದೇ ಗುಂಪಿಗೆ ಪೆಟ್ಟಿಗೆಯಲ್ಲಿ ಬರೀ ಸಲೈನ್ ಕೊಟ್ಟ ದಿನವೂ ಇಲಿಗಳು ಓಡತೊಡಗಿದಾಗ, ಗದಗದಿಂದ ಬರುವ ಸಂಶೋಧನಾ ವಿದ್ಯಾರ್ಥಿನಿ, "ಸರ್, ಸಿರಿಂಜು ಅದಲುಬದಲಾಗಿಲ್ಲ ತಾನೇ?" ಎಂದು ಲೇಬಲ್ ತಿರುಗಿಸಿ ನೋಡಿದಳು.

ಹೀಗಾಗಿ ಔಷಧ ಬರಲಿದೆ ಎಂದು ಇಲಿಗೆ ಸೂಚಿಸುವ ಸುಳಿವುಗಳ ಮೇಲೆ ನನ್ನ ಕಾವಲು ವಿಪರೀತ ಎನ್ನುವಷ್ಟಿದೆ. ಅದೇ ಕೈ, ಅದೇ ಹೊತ್ತು. ಅವಳ ಬಸ್ಸು ತಡವಾದರೆ ಬೇರೆಯವರಿಂದ ಚುಚ್ಚಿಸುವುದಿಲ್ಲ, ಅಂದಿನ ಸರದಿಯನ್ನೇ ಬಿಡುತ್ತೇನೆ. ಪೆಟ್ಟಿಗೆ ಒರೆಸುವ ಮದ್ಯಸಾರದ ವಾಸನೆಯೂ ಸುಳಿವೇ. ಆದ್ದರಿಂದ ಮೂರೂ ಗುಂಪಿಗೆ ಅದೇ ದ್ರಾವಣ.

ಕೆನಡಾದ ಶೆಪರ್ಡ್ ಸೀಗಲ್ ಮತ್ತು ಸಹೋದ್ಯೋಗಿಗಳು 1982ರಲ್ಲಿ ಇದರ ಇನ್ನೊಂದು ಮುಖ ತೋರಿಸಿದರು: ಸಹಿಷ್ಣುತೆಯೂ ಜಾಗಕ್ಕೆ ಅಂಟಿಕೊಂಡಿರುತ್ತದೆ. ಹೆರಾಯಿನ್‌ಗೆ ಒಗ್ಗಿದ ಹೆಗ್ಗಣಗಳಿಗೆ ದೊಡ್ಡ ಪ್ರಮಾಣ ಕೊಟ್ಟಾಗ, ಒಗ್ಗಿದ ಕೋಣೆಯಲ್ಲಿ ಸತ್ತವು ಸುಮಾರು ಮೂರನೇ ಒಂದು ಭಾಗ, ಬೇರೆ ಕೋಣೆಯಲ್ಲಿ ಸುಮಾರು ಮೂರನೇ ಎರಡು ಭಾಗ.

ಹೊರಗಿನ ಸುಳಿವನ್ನಾದರೂ ಕಾಯಬಹುದು, ಒಳಗಿನದು ಕಠಿಣ. ಮಿದುಳಿನ ಗ್ಲುಟಮೇಟ್ ಗ್ರಾಹಕವೊಂದನ್ನು ತಡೆಯುವ ಎಂಕೆ-801ನಂತಹ ಔಷಧವನ್ನು ಮಾರ್ಫಿನ್ ಜೊತೆ ಕೊಟ್ಟು, ಕೊನೆಯ ಪರೀಕ್ಷೆಯಲ್ಲಿ ಮಾರ್ಫಿನ್ ಒಂದನ್ನೇ ಕೊಟ್ಟಾಗ ಓಡಾಟ ಏರದಿದ್ದರೆ 'ಸಂವೇದನೀಕರಣ ತಡೆಯಿತು' ಎಂದು ಬರೆಯುವ ಆತುರ ಬಹಳ. ಆದರೆ ಎರಡೂ ಸೇರಿದಾಗ ಮೈಯೊಳಗೆ ಆಗುವ ಅನುಭವವೇ ಇಲಿಗೆ ಸುಳಿವಾಗಿರಬಹುದು. ಅದಿಲ್ಲದ ಪರೀಕ್ಷೆ ಅದಕ್ಕೆ ಅಪರಿಚಿತ ಕೋಣೆಯಿದ್ದಂತೆ. ನಾನು ಪರೀಕ್ಷೆಯ ದಿನ ಆ ಗುಂಪನ್ನು ಎರಡಾಗಿ ಒಡೆಯುತ್ತೇನೆ: ಅರ್ಧಕ್ಕೆ ಮಾರ್ಫಿನ್ ಮಾತ್ರ, ಅರ್ಧಕ್ಕೆ ಜೋಡಿ. ಎಂಕೆ-801 ತಾನೇ ಇಲಿಯನ್ನು ಓಡಿಸಬಲ್ಲುದರಿಂದ, ಮೊದಲ ಸಲ ಜೋಡಿ ಪಡೆಯುವ ಇಲಿಗಳೂ ಹೋಲಿಕೆಗೆ ಬೇಕು. ಪ್ರಾಣಿಗಳ ಸಂಖ್ಯೆ ಹೆಚ್ಚುತ್ತದೆ, ನೈತಿಕ ಸಮಿತಿಗೆ ಕಾರಣ ಬರೆದುಕೊಡಬೇಕಾಗುತ್ತದೆ. ಬರೆದುಕೊಡುತ್ತೇನೆ. ಪ್ರಬಂಧದ ಕರಡಿನಲ್ಲಿ 'ತಡೆಯಿತು' ಎಂಬ ಮಾತು ಕಂಡರೆ ಮೊದಲು ಕೇಳುವುದು ಈ ಗುಂಪುಗಳ ಕೋಷ್ಟಕವನ್ನೇ.