ಡಿಸೈನ್ ರಿವ್ಯೂನಲ್ಲಿ ಮೊದಲು ಮಾತಾಡುವವರು ಯಾರು?

ನಾನು ಯಂತ್ರಗಳ ಡಿಸೈನ್ ಮಾಡುವ ಒಂದು ಟೀಮಿನ ಲೀಡ್. ಹೆಂಗಸರು, ಗಂಡಸರು, ಈಗಷ್ಟೇ ಕಾಲೇಜು ಮುಗಿಸಿದವರು, ವರ್ಕ್‌ಶಾಪಿನಲ್ಲೇ ಕೆಲಸ ಕಲಿತು ಮೇಲೆ ಬಂದ ಟೆಕ್ನಿಷಿಯನ್‌ಗಳು, ಬೇರೆ ಬೇರೆ ಮನೆಮಾತಿನವರು, ಎಲ್ಲರೂ ಇದ್ದಾರೆ. ಆದರೆ ಎಲ್ಲರನ್ನೂ ಸೇರಿಸಿಕೊಂಡ ಮಾತ್ರಕ್ಕೆ ಎಲ್ಲರ ಮಾತೂ ಡ್ರಾಯಿಂಗ್‌ನಲ್ಲಿ ಇಳಿಯುವುದಿಲ್ಲ. ಡಿಸೈನನ್ನು ಎಲ್ಲರೂ ಕೂತು ಪರಿಶೀಲಿಸುವ ರಿವ್ಯೂ ಮೀಟಿಂಗ್ ಶುರುವಾದ ಕೂಡಲೇ ಹಿರಿಯರೊಬ್ಬರು "ಇದು ಸರಿ ಇದೆ" ಅಂದುಬಿಟ್ಟರೆ ಮುಗೀತು. ಉಳಿದವರು ತಲೆಯಾಡಿಸಿ ಎದ್ದು ಹೋಗುತ್ತಾರೆ.

ಕೊನೆಗೆ "ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?" ಅಂತ ಸುಮ್ನೆ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೇ ರಿವ್ಯೂ ನಡೆಸುವ ಕ್ರಮವನ್ನೇ ಬದಲಾಯಿಸಿದೆ. ಡ್ರಾಯಿಂಗ್ ಹಿಂದಿನ ದಿನವೇ ಎಲ್ಲರ ಕೈ ಸೇರುತ್ತದೆ. ಪ್ರತಿಯೊಬ್ಬರೂ ತಮ್ಮ ಅನುಮಾನಗಳನ್ನು ಮೊದಲೇ ಬರೆದು ಕಳಿಸಬೇಕು. ಮೀಟಿಂಗ್‌ನಲ್ಲಿ ಕಿರಿಯರು ಮೊದಲು, ಹಿರಿಯರು ಆಮೇಲೆ, ನಾನು ಎಲ್ಲರಿಗಿಂತ ಕೊನೆಗೆ. ಮೀಟಿಂಗ್ ಭಾಷೆಯಲ್ಲಿ ತಡವರಿಸುವವರಿಗೆ ಈ ಬರೆಯುವ ಪದ್ಧತಿ ತುಂಬಾ ಅನುಕೂಲವಾಯಿತು. ಟೈಮ್ ಜಾಸ್ತಿ ಹಿಡಿಯುತ್ತೆ ಅಂತ ಹಿರಿಯರು ಗೊಣಗಿದರು. ಹಿಡಿಯುತ್ತೆ, ನಿಜ.

ಒಂದು ಪಂಪಿನ ಕವಚದ ಡಿಸೈನ್ ನಡೆದಿತ್ತು. ಕಂಪ್ಯೂಟರ್ ಮಾಡೆಲ್‌ನಲ್ಲಿ ಎಲ್ಲವೂ ಸರಿಯಾಗಿತ್ತು. ಟೆಕ್ನಿಷಿಯನ್ ಒಬ್ಬಳು ಒಂದೇ ಸಾಲು ಬರೆದು ಕಳಿಸಿದಳು: "ಹಿಂದಿನ ಬೋಲ್ಟಿಗೆ ಸ್ಪ್ಯಾನರ್ ಹಾಕೋಕೆ ನನಗೆ ಕೈ ಎಟಕಲ್ಲ." ಮಾಡೆಲ್‌ನಲ್ಲಿ ನಾವು ನಿಲ್ಲಿಸಿದ್ದ ಮನುಷ್ಯನ ಆಕೃತಿ ಸರಾಸರಿ ಎತ್ತರದ ಗಂಡಸಿನದು. ರಟ್ಟಿನಲ್ಲಿ ಅದೇ ಅಳತೆಯ ಕವಚ ಮಾಡಿಸಿ, ಗ್ಲೌಸ್ ಹಾಕಿಕೊಂಡು ಒಬ್ಬೊಬ್ಬರೇ ಕೈ ಹಾಕಿ ನೋಡಿದೆವು. ಅವಳ ಕೈ ಬೋಲ್ಟಿನವರೆಗೂ ಹೋಗಲಿಲ್ಲ. ಟೀಮಿನ ಅತಿ ಎತ್ತರದ ಹುಡುಗನ ಕೈ ಹೋಯಿತು, ಆದರೆ ಬಿಸಿ ಪೈಪ್ ಬರುವ ಜಾಗಕ್ಕೆ ಭುಜ ಒತ್ತಿದರೆ ಮಾತ್ರ! ಬೋಲ್ಟ್ ಮುಂದಿನ ಬದಿಗೆ ಬಂತು. ಈಗ ಯಾರೂ ಭುಜ ಸುಟ್ಟುಕೊಳ್ಳಬೇಕಾಗಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಕಾರು ಡಿಕ್ಕಿ ಪರೀಕ್ಷೆಗೆ ಬಳಸುವ ಪ್ರಸಿದ್ಧ ಬೊಂಬೆ ಹೈಬ್ರಿಡ್ 3 ಬಂದದ್ದು 1976ರಲ್ಲಿ, ಅದೂ ಸರಾಸರಿ ಗಂಡಸಿನ ಅಳತೆಯಲ್ಲೇ.

ಮಾತಾಡಲು ಅವಕಾಶ ಕೊಟ್ಟರಷ್ಟೇ ಸಾಲದು ಅಂತ ನನಗೆ ಮನದಟ್ಟು ಮಾಡಿದ್ದು ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್‌ನ ದುರಂತ. 1986ರ ಜನವರಿ 27ರ ರಾತ್ರಿ, ಚಳಿಯಲ್ಲಿ ಬೂಸ್ಟರ್ ರಾಕೆಟ್‌ನ ಬಿಸಿ ಅನಿಲ ಸೋರದಂತೆ ತಡೆಯುವ ರಬ್ಬರ್ ಓ-ರಿಂಗ್ ಗಡುಸಾಗುತ್ತೆ, ನಾಳೆ ಹಾರಿಸಬೇಡಿ ಅಂತ ಬೂಸ್ಟರ್ ತಯಾರಿಸಿದ ಕಂಪನಿಯ ಎಂಜಿನಿಯರ್ ರೋಜರ್ ಬೋಯ್ಜೊಲಿ ಮತ್ತವರ ಸಹೋದ್ಯೋಗಿಗಳು ವಾದಿಸಿದರು. ಅವರು ಸುಮ್ಮನಿರಲಿಲ್ಲ. ಆದರೆ ಅಪಾಯ ಇದೆ ಅಂತ ಸಾಬೀತು ಮಾಡುವ ಹೊಣೆಯೂ ಅವರ ತಲೆಗೇ ಬಿತ್ತು. ಮರುದಿನ ನೌಕೆ ಮೇಲೇರಿದ 73 ಸೆಕೆಂಡಿಗೆ ಒಡೆದುಹೋಯಿತು. 7 ಜನ ಪ್ರಾಣ ಕಳೆದುಕೊಂಡರು. ಹಾಗಾಗಿ ನಮ್ಮಲ್ಲಿ ಸುರಕ್ಷತೆಯ ಅನುಮಾನ ಎತ್ತಿದವರಿಂದ ಪುರಾವೆ ಕೇಳುವುದಿಲ್ಲ. ಮುಂದುವರಿಯೋಣ ಅನ್ನುವವರೇ ಯಾಕೆ ಸುರಕ್ಷಿತ ಅಂತ ತೋರಿಸಬೇಕು. ನಾನು ಮಾಡಿದ ಬದಲಾವಣೆಗಳಲ್ಲಿ ನನಗೆ ಇದೇ ಮುಖ್ಯ ಅನ್ನಿಸುತ್ತದೆ.

ಹೊಸಬರನ್ನು ಆರಿಸುವ ಕ್ರಮವೂ ಬದಲಾಯಿತು. ಸಂದರ್ಶನದಲ್ಲಿ ಎಲ್ಲರಿಗೂ ಅವೇ ಪ್ರಶ್ನೆಗಳು. ಸಂದರ್ಶನ ಮಾಡುವ ಪ್ರತಿಯೊಬ್ಬರೂ, ಉಳಿದವರು ಕೊಟ್ಟ ಅಂಕ ಗೊತ್ತಾಗುವ ಮೊದಲೇ ತಮ್ಮ ಅಂಕ ಬರೆದಿಡಬೇಕು. "ನಮ್ಮ ಟೀಮಿಗೆ ಹೊಂದ್ತಾರಾ?" ಅನ್ನುವ ಕಾಲಂ ತೆಗೆದುಹಾಕಿದೆವು. ಅದರಲ್ಲಿ ನಾವು ನಮ್ಮಂಥವರನ್ನೇ ಹುಡುಕುತ್ತೇವೆ, ಅಲ್ವಾ? ಮೀಟಿಂಗ್ ಮಿನಿಟ್ಸ್ ಬರೆಯುವ ಕೆಲಸ ಸದಾ ಹೆಣ್ಣುಮಕ್ಕಳ ಪಾಲಿಗೇ ಬರುತ್ತಿತ್ತು, ಈಗ ಸರದಿ ಪಟ್ಟಿ ಇದೆ.

ಪೂರ್ತಿ ಬಗೆಹರಿಯದ ವಿಷಯ ಸೈಟ್ ಕಮಿಷನಿಂಗ್, ಅಂದರೆ ಗ್ರಾಹಕರ ಜಾಗಕ್ಕೇ ಹೋಗಿ ಯಂತ್ರ ಚಾಲೂ ಮಾಡಿಕೊಡುವುದು. ಯಂತ್ರ ಕೂರಿಸಿ ಓಡಿಸಿ ತೋರಿಸಿದವರಿಗೇ ಬಡ್ತಿ ಬೇಗ. "ಅವಳಿಗೆ ಚಿಕ್ಕ ಮಗು ಇದೆ, ಬಿಡಿ" ಅಂತ ಕನಿಕರದಿಂದಲೇ ಹೆಸರು ಬಿಟ್ಟುಹೋಗುತ್ತದೆ. ಈಗ ಪ್ರತಿ ಸಲವೂ ಎಲ್ಲರನ್ನೂ ನೇರವಾಗಿ ಕೇಳುತ್ತೇನೆ. ಕಳೆದ ಬಾರಿ ಮಗುವಿನ ತಾಯಿ "ಎರಡು ವಾರ ಮುಂಚೆ ಹೇಳಿದ್ರೆ ಹೋಗ್ತೀನಿ" ಅಂದಳು. ತಾನಾಗಿ ಯಾವತ್ತೂ ಬಾಯಿ ಬಿಡದ ಒಬ್ಬ ಗಂಡಸು, ತಂದೆಗೆ ಹುಷಾರಿಲ್ಲ, ಈ ಸಲ ಆಗಲ್ಲ ಅಂದ. ಎರಡು ವಾರ ಮೊದಲೇ ತಾರೀಖು ಗೊತ್ತುಮಾಡಿಸಲು ಗ್ರಾಹಕರ ಜೊತೆ ಈಗ ಮಾತುಕತೆ ನಡೆಸಿದ್ದೇನೆ.