ಮೂಳೆ ಡಾಕ್ಟರ್ ಕೈಗೆ ಪ್ಲಾಸ್ಟರ್

ಮೂಳೆ ಡಾಕ್ಟರೇ ಮೂಳೆ ಮುರಿದುಕೊಂಡ ಸುದ್ದಿ, ಸಂತೆ ಮುಗಿಯುವುದರೊಳಗೆ ನಮ್ಮೂರಿಗೆಲ್ಲ ಗೊತ್ತಾಗಿತ್ತು. ಜುಲೈ ತಿಂಗಳು. ನಾಲ್ಕು ದಿನದಿಂದ ಬಿಡದ ಮಳೆ, ಹಿತ್ತಲ ಮೆಟ್ಟಿಲ ಮೇಲೆ ಪಾಚಿ. ಕಾಲು ಜಾರಿತು, ಎಡಗೈ ಊರಿದೆ. ಎದ್ದು ನೋಡಿದರೆ ಮಣಿಕಟ್ಟು ಕವುಚಿಟ್ಟ ಫೋರ್ಕಿನ ಹಾಗೆ ಬಾಗಿತ್ತು. ಬೇರೆಯವರ ಕೈಯಲ್ಲಿ ನೂರಾರು ಸಲ ನೋಡಿದ ಆಕಾರ. ಎಕ್ಸ್-ರೇ ತೆಗೆಯದೆಯೂ ಏನಾಗಿದೆ ಅಂತ ಗೊತ್ತಿತ್ತು.

ನಾನಿರುವುದು ದಕ್ಷಿಣ ಕೊಡಗಿನಲ್ಲಿ. ಇಲ್ಲಿ ಮೂಳೆ ಮುರಿಯುವುದಕ್ಕೂ ಸೀಸನ್ ಇದೆ. ಮಳೆಗಾಲದಲ್ಲಿ ಜಾರಿ ಬಿದ್ದು ಮಣಿಕಟ್ಟು, ವಯಸ್ಸಾದವರಿಗೆ ಸೊಂಟ. ಬೇಸಿಗೆಯಲ್ಲಿ ಹಾಕಿ ಪಂದ್ಯ ಶುರುವಾದರೆ ಬೆರಳು. ಜನವರಿ ಕಳೆದು ಕರಿಮೆಣಸು ಕೊಯ್ಯುವ ಹೊತ್ತಿಗೆ ಏಣಿಯಿಂದ ಬಿದ್ದವರು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿ ಎಷ್ಟು ಎತ್ತರ ಹೋಗುತ್ತದೆ ಅಂತ ತೋಟದವರಿಗೆ ಹೇಳಬೇಕಿಲ್ಲ. ಅಲ್ಲಿಂದ ಕಾಲೂರಿ ಬಿದ್ದವರು ಹಿಮ್ಮಡಿ ನೋವು ಅಂತ ಬರುತ್ತಾರೆ. ಅವರ ಬೆನ್ನನ್ನೂ ನಾನು ನೋಡದೆ ಬಿಡುವುದಿಲ್ಲ. ಬಿದ್ದ ಪೆಟ್ಟು ಹಿಮ್ಮಡಿಯಿಂದ ನೇರ ಬೆನ್ನುಮೂಳೆಗೆ ಏರುತ್ತದೆ. ಹಿಮ್ಮಡಿಯ ನೋವಿನಲ್ಲಿ ಬೆನ್ನಿನ ನೋವು ಮೊದಲ ದಿನ ಗೊತ್ತೇ ಆಗದಿರಬಹುದು.

ನನ್ನ ಕೈಯನ್ನು ಗೆಳೆಯನೊಬ್ಬ ಎಳೆದು ಕೂರಿಸಿ, ಅರ್ಧ ಪ್ಲಾಸ್ಟರ್ ಹಾಕಿದ. ಅರ್ಧ ಯಾಕೆ ಅಂದರೆ, ಮೊದಲ ಎರಡು ಮೂರು ದಿನ ಊತ ಏರುತ್ತಲೇ ಇರುತ್ತದೆ. ಸುತ್ತಲೂ ಬಿಗಿಯಾಗಿ ಕಟ್ಟಿಬಿಟ್ಟರೆ ಊತಕ್ಕೆ ಜಾಗವಿಲ್ಲ. ಆಗ ಒಳಗಿನ ರಕ್ತನಾಳವೇ ಒತ್ತಿಹೋಗುತ್ತದೆ. ಈ ವಿಷಯದಲ್ಲಿ ನಾನು ಸ್ವಲ್ಪ ಜೋರಾಗಿಯೇ ಮಾತಾಡುತ್ತೇನೆ. ವರ್ಷಗಳ ಹಿಂದೆ ಸೀಬೆ ಮರದಿಂದ ಬಿದ್ದ ಹುಡುಗನೊಬ್ಬನಿಗೆ ಯಾರೋ ಬಿದಿರ ದಬ್ಬೆ ಇಟ್ಟು ಗಟ್ಟಿಯಾಗಿ ಕಟ್ಟಿದ್ದರು. ನನ್ನ ಹತ್ತಿರ ಬಂದಾಗ ಎರಡು ದಿನವಾಗಿತ್ತು. ಬೆರಳು ನೀಲಿ, ತಣ್ಣಗೆ. ಮೂಳೆ ಚೆನ್ನಾಗಿಯೇ ಕೂಡಿತು. ಮುಷ್ಟಿಗೆ ಮಾತ್ರ ಮೊದಲಿನ ಬಲ ಬರಲೇ ಇಲ್ಲ. ನಾಟಿ ಕಟ್ಟನ್ನು ಮಾತ್ರ ದೂರುತ್ತಿಲ್ಲ. ಆಸ್ಪತ್ರೆಯ ಪ್ಲಾಸ್ಟರ್ ಕೂಡ ಇದನ್ನೇ ಮಾಡಬಲ್ಲದು. ಕಟ್ಟಿದ ಮೇಲೆ ನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ, ಬೆರಳು ಜೋಮು ಹಿಡಿದರೆ, ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದರೂ ಜೀವ ಹೋದ ಹಾಗಾದರೆ, ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಹೊರಡಿ.

ಮೊದಲ ವಾರ ನಾನು ಒಳ್ಳೆಯ ರೋಗಿಯಾಗಿರಲಿಲ್ಲ. ನೋವು, ತುರಿಕೆ, ಸಿಡುಕು. ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತಿದ್ದದ್ದೇ ಸಮಾಧಾನ. ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ. ಸತ್ತ ಚೂರುಗಳನ್ನು ಗುಡಿಸುವ ಜೀವಕೋಶಗಳು ಅಲ್ಲಿಗೆ ನುಗ್ಗುತ್ತವೆ. ಊತ, ಬಿಸಿ ಎಲ್ಲ ಅದರದ್ದೇ. ಆಮೇಲೆ ಹೊಸ ರಕ್ತನಾಳಗಳು ಚಿಗುರುತ್ತವೆ. ಎರಡು ಮೂರು ವಾರಕ್ಕೆ ಮುರಿದ ತುದಿಗಳ ನಡುವೆ, ಕಿವಿಯ ಮೇಲ್ಭಾಗದಲ್ಲಿರುತ್ತದಲ್ಲ, ಅಂಥ ಮೆದು ಎಲುಬಿನ ಸೇತುವೆ ಬೀಳುತ್ತದೆ. ಅದಕ್ಕೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸೇರಿ ಗಟ್ಟಿ ಗಂಟಾಗುತ್ತದೆ.

ಎರಡನೇ ವಾರದ ಎಕ್ಸ್-ರೇ ನೋಡಿದಾಗ ಮುರಿದ ಗೆರೆ ಮೊದಲಿಗಿಂತ ಜಾಸ್ತಿ ಎದ್ದು ಕಾಣುತ್ತಿತ್ತು. ಎದೆ ಧಸಕ್ಕೆಂದಿತು, ನನಗೇ! ‘ಇನ್ನೂ ಹಾಳಾಗಿದೆ ಅಲ್ವಾ ಡಾಕ್ಟ್ರೇ’ ಅಂತ ಎಷ್ಟು ಜನ ಕೇಳಿಲ್ಲ ನನ್ನನ್ನು. ಹಾಳಾಗಿಲ್ಲ. ಸತ್ತ ಅಂಚುಗಳನ್ನು ಕರಗಿಸುವ ಜೀವಕೋಶಗಳು ಕೆಲಸ ಮಾಡಿವೆ, ಹೊಸ ಮೂಳೆಯಲ್ಲಿ ಇನ್ನೂ ಸುಣ್ಣ ತುಂಬಿಲ್ಲ. ಗೋಡೆ ಕಟ್ಟುವ ಮೊದಲು ಹಳೇ ಗಾರೆ ಕೆರೆದ ಹಾಗೆ. ಮೆದು ಎಲುಬಿನ ಹಂತ ಎಕ್ಸ್-ರೇಯಲ್ಲಿ ಸರಿಯಾಗಿ ಕಾಣುವುದೂ ಇಲ್ಲ.

ಈ ಕೆಲಸ ಮೈಗೆ ಹೊಸದಲ್ಲ. ತಾಯಿಯ ಹೊಟ್ಟೆಯಲ್ಲಿ ನಮ್ಮ ಕೈಕಾಲಿನ ಮೂಳೆಗಳು ಹುಟ್ಟಿದ್ದೇ ಮೆದು ಎಲುಬಾಗಿ. ಹುಟ್ಟಿದ ಮಗುವಿಗೆ ಮುನ್ನೂರರ ಹತ್ತಿರ ತುಂಡುಗಳಿರುತ್ತವೆ. ಬೆಳೆಯುತ್ತ ಒಂದಕ್ಕೊಂದು ಬೆಸೆದು ದೊಡ್ಡವರಾಗುವಾಗ 206 ಆಗುತ್ತವೆ. ಮಕ್ಕಳ ಉದ್ದ ಮೂಳೆಗಳ ತುದಿಯ ಹತ್ತಿರ ಮೆದು ಎಲುಬಿನ ಒಂದು ಪದರ ಉಳಿದಿರುತ್ತದೆ. ಎತ್ತರ ಬೆಳೆಯುವುದು ಅಲ್ಲೇ. ಹುಡುಗಿಯರಲ್ಲಿ ಹುಡುಗರಿಗಿಂತ ಒಂದೆರಡು ವರ್ಷ ಮೊದಲೇ ಅದು ಮುಚ್ಚಿಹೋಗುತ್ತದೆ. ಬೆಳೆಯುವ ಆ ಪದರ ಇರುವುದರಿಂದಲೇ ಎಂಟು ವರ್ಷದ ಮಗುವಿನ ಮುರಿದ ಕೈ ಸ್ವಲ್ಪ ಸೊಟ್ಟಗೆ ಕೂಡಿದರೂ ಬೆಳೆಯುತ್ತ ನೆಟ್ಟಗಾಗುವುದುಂಟು. ಆದರೆ ಪೆಟ್ಟು ಆ ಪದರಕ್ಕೇ ಬಿದ್ದಿದ್ದರೆ ಪ್ಲಾಸ್ಟರ್ ಬಿಚ್ಚಿದ ಮೇಲೂ ಕೆಲವು ತಿಂಗಳು ತೋರಿಸುತ್ತಿರಬೇಕು.

ಕೈ ಕಟ್ಟಿಕೊಂಡು ಮನೆಯಲ್ಲಿ ಕೂತಿದ್ದಾಗ ಮಗಳಿಗೊಂದು ಆಟ ತೋರಿಸಿದೆ. ಕೋಳಿ ಕಾಲಿನ ಮೂಳೆಯನ್ನು ವಿನೆಗರ್‌ನಲ್ಲಿ ಮುಳುಗಿಸಿ, ಕೆಲವು ದಿನ ಬಿಟ್ಟು ತೆಗೆದರೆ ರಬ್ಬರಿನ ಹಾಗೆ ಬಾಗುತ್ತದೆ. ಸುಣ್ಣ ಕರಗಿ ಕೊಲಾಜೆನ್ ಎಂಬ ಪ್ರೋಟೀನಿನ ನಾರು ಮಾತ್ರ ಉಳಿಯುತ್ತದೆ. ನಮ್ಮ ಕೊಡಗಿನ ಹಣ್ಣಿನ ಹುಳಿ, ಕಾಚಂಪುಳಿಯಲ್ಲಿ ಹಾಕಿ ನೋಡೋಣ ಅಂದಳು. ಆ ಬಾಟಲಿ ಪಂದಿ ಕರಿಗೆ ಅಂತ ನನ್ನ ಹೆಂಡತಿ ಎತ್ತಿಟ್ಟಳು.

ಇನ್ನು ನೋಡಲು ಬಂದವರ ಸಲಹೆಗಳು. ಕಾಲು ಸೂಪು ಕುಡಿ, ಕಕ್ಕಡ ಹದಿನೆಂಟಕ್ಕೆ, ಅಂದರೆ ಮಳೆಗಾಲದ ನಮ್ಮ ಕಕ್ಕಡ ತಿಂಗಳ ಹದಿನೆಂಟನೇ ದಿನ, ಕಾಡಿನ ಮದ್ದು ಸೊಪ್ಪು ತಿಂದರೆ ಮೂಳೆ ಬೇಗ ಕೂಡುತ್ತದೆ. ಮದ್ದು ಸೊಪ್ಪಿನ ಪಾಯಸ ತಿಂದೆ, ರುಚಿಗೆ. ಕಾಲು ಸೂಪಿನಲ್ಲಿ ಜನ ಅಂದುಕೊಂಡಷ್ಟು ಕ್ಯಾಲ್ಸಿಯಂ ಇಲ್ಲ. ಹಾಲು, ಮೊಸರು, ರಾಗಿ, ಮೀನು, ಮೊಟ್ಟೆ ತಿಂದೆ. ಮೂಳೆಗೆ ಸುಣ್ಣದಷ್ಟೇ ಪ್ರೋಟೀನೂ ಬೇಕು. ಆದರೆ ಏನು ತಿನ್ನಬೇಕು ಅಂತ ಹತ್ತು ಸಲ ಕೇಳುವವರು ಬೀಡಿ ಬಿಡಿ ಅಂದರೆ ಆಚೆ ಈಚೆ ನೋಡುತ್ತಾರೆ. ಮೊಣಕಾಲಿನ ಕೆಳಗಿನ ಮೂಳೆಯ ಮುಂಭಾಗದಲ್ಲಿ ಮಾಂಸವೇ ಇಲ್ಲ, ರಕ್ತ ಹರಿಯುವುದೂ ಕಡಿಮೆ. ಮಾಮೂಲಿಗೇ ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಬೀಡಿ ಸೇದಿದರೆ ರಕ್ತನಾಳ ಇನ್ನೂ ಕುಗ್ಗುತ್ತದೆ.

ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಕೈ ಒಣಗಿದ ಕೊಂಬೆಯ ಹಾಗಿತ್ತು. ಬಾಗಿಲ ಚಿಲಕ ತಿರುಗಿಸಲು ಬರಲಿಲ್ಲ. ನನಗೆ ಪುಸ್ತಕ ಕಲಿಸದೆ ಬಿಟ್ಟದ್ದು ಇದು: ‘ಪ್ಲಾಸ್ಟರ್ ಬಿಚ್ಚಿದೆ, ಹೋಗಿ’ ಅಂತ ನಾನು ಎಷ್ಟು ಸುಲಭವಾಗಿ ಹೇಳುತ್ತಿದ್ದೆ! ಈಗ ಮೊದಲ ದಿನವೇ ಹೇಳುತ್ತೇನೆ, ಬೆರಳು, ಮೊಣಕೈ, ಭುಜ ಆಡಿಸುತ್ತಲೇ ಇರಿ ಅಂತ. ಬಿಚ್ಚಿದ ಮೇಲೆ ಬಿಸಿನೀರಿನಲ್ಲಿ ಕೈ ಅದ್ದಿ, ಒದ್ದೆ ಬಟ್ಟೆ ಹಿಂಡುವುದು ನನ್ನ ವ್ಯಾಯಾಮವಾಗಿತ್ತು. ಭಾರ ಬಿದ್ದ ಕಡೆ ಮೂಳೆ ಗಟ್ಟಿಯಾಗುತ್ತದೆ, ಬೀಳದ ಕಡೆ ಸವೆಯುತ್ತದೆ. ಜರ್ಮನಿಯ ಯೂಲಿಯುಸ್ ವೋಲ್ಫ್ ಇದನ್ನು 1892ರಲ್ಲೇ ಬರೆದಿದ್ದರು. ನಾನು ಮಾತ್ರ ಬಕೆಟ್ ಎತ್ತಲು ಮೂರು ತಿಂಗಳು ಕಾದೆ.

ವರ್ಷ ಕಳೆದ ಮೇಲೆ ಇನ್ನೊಂದು ಎಕ್ಸ್-ರೇ ತೆಗೆಸಿದೆ. ಗಂಟನ್ನು ಮೈಯೇ ಕೆತ್ತಿ ನಯ ಮಾಡಿತ್ತು. ಮೊನ್ನೆ ಏಣಿಯಿಂದ ಬಿದ್ದು ಬಂದವರಿಗೆ ಧೈರ್ಯಕ್ಕಿರಲಿ ಅಂತ ಅದನ್ನು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿದರು. ‘ಡಾಕ್ಟ್ರೇ, ಇದು ಮುರಿಯದೇ ಇರೋ ಕೈದು’ ಅಂತ ವಾಪಸ್ ಕೊಟ್ಟರು.