ಚಂಡಮಾರುತ ದಾಟಿತೆಂದು ಹಗ್ಗ ಬಿಚ್ಚಬೇಡಿ

ಅರಬ್ಬಿ ಸಮುದ್ರದಲ್ಲಿ ಎದ್ದ ಚಂಡಮಾರುತ ಉತ್ತರ ಕನ್ನಡದ ದಡಕ್ಕೇ ನೇರವಾಗಿ ಬಂದು ಬಡಿಯುವುದು ಅಪರೂಪ. ಹೆಚ್ಚಿನವು ದಡಕ್ಕೆ ತಾಗದೆ ಆಳ ಕಡಲಿನಲ್ಲೇ ಉತ್ತರಕ್ಕೋ ಪಶ್ಚಿಮಕ್ಕೋ ಸಾಗುತ್ತವೆ. 2019ರ ಅಕ್ಟೋಬರಿನ ಕ್ಯಾರ್ ಒಮಾನ್ ದಿಕ್ಕಿಗೆ ತಿರುಗಿತು. 2021ರ ಮೇ ತಿಂಗಳ ತೌಕ್ತೆ ಗುಜರಾತಿನಲ್ಲಿ ನೆಲ ಮುಟ್ಟಿತು. ಎರಡೂ ಸಲ ನಮ್ಮ ಕಡಲು ಉಕ್ಕಿತು, ದಡ ಕೊರೆಯಿತು. "ತೂಫಾನು ಇಲ್ಲಿಗೆ ಬರುವುದಿಲ್ಲವಂತೆ" ಎಂಬ ಸುದ್ದಿ ಕೇಳಿ ನಿರಾಳರಾದವರ ಅಂಗಳಕ್ಕೇ ನೀರು ನುಗ್ಗುವುದು ಹೀಗೆ.

ಕಾರಣ ಸರಳ. ನಮ್ಮ ಭಾಗದ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಕೇಂದ್ರ ನಮ್ಮಿಂದ ನೈಋತ್ಯಕ್ಕಿರುವಾಗ ಗಾಳಿ ಆಗ್ನೇಯದಿಂದ, ಅಂದರೆ ಗುಡ್ಡದ ಕಡೆಯಿಂದ ಬೀಸುತ್ತದೆ. ಕೇಂದ್ರ ಪಶ್ಚಿಮಕ್ಕೆ ಬಂದಾಗ ಗಾಳಿ ದಕ್ಷಿಣದ್ದಾಗುತ್ತದೆ. ಅದು ಕಾರವಾರದ ನೇರ ದಾಟಿ ಗೋವಾ, ರತ್ನಾಗಿರಿಯ ಎದುರು ಹೋದ ಮೇಲೆ ಗಾಳಿ ನೈಋತ್ಯಕ್ಕೆ ತಿರುಗಿ ಕಡಲನ್ನು ನೇರ ದಡದ ಮೇಲೆ ನೂಕುತ್ತದೆ. ಹಾಗಾಗಿ ಮಾಜಾಳಿ, ದೇವಬಾಗ, ಹಾರವಾಡ, ಕಾಸರಕೋಡಿನಂಥ ಊರುಗಳಲ್ಲಿ ಕಡಲ ಕಾಟ ಹೆಚ್ಚುವ ಹೊತ್ತಿಗೆ ಟಿವಿಯವರು ಮಹಾರಾಷ್ಟ್ರದ ಸುದ್ದಿ ಹೇಳುತ್ತಿರಬಹುದು. ತಯಾರಿಯ ಲೆಕ್ಕದಲ್ಲಿ ಅದು ದಾಟಿದ ಮೇಲಿನ ಒಂದು ದಿನವನ್ನೂ ಸೇರಿಸಿಕೊಳ್ಳಿ.

ಎಚ್ಚರಿಕೆಯನ್ನು ಓದುವುದು

ನಮ್ಮಲ್ಲಿ ಎರಡು ಕಾಲ ಮುಖ್ಯ: ಮಳೆಗಾಲಕ್ಕೆ ಮುಂಚಿನ ಮೇ-ಜೂನ್, ಮಳೆಗಾಲ ಮುಗಿದ ಮೇಲಿನ ಅಕ್ಟೋಬರ್‌ನಿಂದ ಡಿಸೆಂಬರ್. ಮೀನುಗಾರಿಕೆ ನಿಷೇಧ ಶುರುವಾಗುವುದು ಜೂನ್ 1ಕ್ಕೆ. ಹಾಗಾಗಿ ಮೇ ತಿಂಗಳ ತೂಫಾನು ಬರುವಾಗ ಬೋಟುಗಳು ಇನ್ನೂ ಆಳ ಕಡಲಿನಲ್ಲಿರುತ್ತವೆ. ಅಕ್ಟೋಬರಿನದು ಕೊಯ್ಲಿನ ಭತ್ತದ ಮೇಲೆ ಬೀಳುತ್ತದೆ, ಅಣೆಕಟ್ಟುಗಳೂ ಆಗ ತುಂಬಿರುತ್ತವೆ.

ಹವಾಮಾನ ಇಲಾಖೆ ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಚಂಡಮಾರುತ, 89 ದಾಟಿದರೆ ತೀವ್ರ, 118 ದಾಟಿದರೆ ಅತಿ ತೀವ್ರ ಎನ್ನುತ್ತದೆ. ಪ್ರಕಟಣೆಯಲ್ಲಿ ಎರಡು ಅಂಕಿ ಇರುತ್ತವೆ: "50ರಿಂದ 60, ಆಗಾಗ 70". ಮೊದಲನೆಯದು 3 ನಿಮಿಷದ ಸರಾಸರಿ. ಹಂಚು ಎತ್ತುವುದು, ಕೊಂಬೆ ಮುರಿಯುವುದು ಎರಡನೆಯದು, ಆದ್ದರಿಂದ ಅದನ್ನೇ ನೋಡಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ ತಕ್ಕಂತೆ ಏರುತ್ತದೆ. 60ರ ಗಾಳಿ 90 ಆದರೆ ಮಾಡಿನ (ಛಾವಣಿಯ) ಮೇಲಿನ ಬಲ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ.

ಬಂದರಿನ ಸಂಕೇತಗಳಲ್ಲಿ 1 ಮತ್ತು 2 ಎಂದರೆ ತೂಫಾನು ದೂರದ ಕಡಲಿನಲ್ಲಿದೆ, 3 ಮತ್ತು 4 ಎಂದರೆ ಈ ಬಂದರಿಗೇ ಬಿರುಗಾಳಿಯ ಭಯವಿದೆ. 5ರಿಂದ ಮೇಲೆ ಅಪಾಯ, 8ರಿಂದ ಮೇಲೆ ಮಹಾ ಅಪಾಯ. ಅಲೆಯ ಎತ್ತರಕ್ಕೆ ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಮುನ್ಸೂಚನೆ ನೋಡಿ. ಅದರ ಜೊತೆಗೇ ಭರತ-ಇಳಿತದ (ಕಡಲ ಉಬ್ಬರವಿಳಿತದ) ಪಟ್ಟಿಯನ್ನೂ ಇಟ್ಟುಕೊಳ್ಳಿ. ಕಾರವಾರದಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತಕ್ಕೂ ಇಳಿತಕ್ಕೂ ಸುಮಾರು 2 ಮೀಟರ್ ಅಂತರ. ಕ್ಯಾರ್ ಬಂದದ್ದು ದೀಪಾವಳಿ ಅಮಾವಾಸ್ಯೆಯ ಹೊತ್ತಿಗೆ. ಒಂದೇ ಎತ್ತರದ ಅಲೆ ಇಳಿತದಲ್ಲಿ ಮರಳಿನಲ್ಲೇ ಸಾಯುತ್ತದೆ, ಅಮಾವಾಸ್ಯೆಯ ಭರತದಲ್ಲಿ ಹೊಸ್ತಿಲು ದಾಟುತ್ತದೆ.

ದಡದಲ್ಲಿ ನಿಂತು ನೀವೇ ನೋಡಬಹುದಾದ ಗುರುತೂ ಇದೆ. ಒಂದು ಅಲೆ ಒಡೆದು ಮುಂದಿನದು ಒಡೆಯುವವರೆಗೆ ಸೆಕೆಂಡು ಎಣಿಸಿ. ಹತ್ತಿರದ ಗಾಳಿ ಎಬ್ಬಿಸಿದ ಅಲೆಗೆ 5ರಿಂದ 8 ಸೆಕೆಂಡು. ಗಾಳಿಯೇ ಇಲ್ಲದ ದಿನ 12ಕ್ಕಿಂತ ಹೆಚ್ಚು ಸೆಕೆಂಡಿಗೊಮ್ಮೆ ನುಣ್ಣನೆಯ ದೊಡ್ಡ ಅಲೆ ಬರುತ್ತಿದ್ದರೆ, ದೂರದ ಬಿರುಗಾಳಿಯ ಅಲೆ ಮುಂಚಿತವಾಗಿ ತಲುಪಿದೆ ಎಂದರ್ಥ. ಅಂಥ ಹೊತ್ತಿನಲ್ಲಿ ಮರಳಿನ ಮೇಲಿನ ದೋಣಿಯನ್ನು ಅದೇ ದಿನ ಮೇಲಕ್ಕೆಳೆಯಿರಿ.

ಮೂರು ದಿನ ಮೊದಲು: ಮಾಡು

ಗಾಳಿ ಮಾಡನ್ನು ಒತ್ತಿ ಬೀಳಿಸುತ್ತದೆ ಎಂದು ತಿಳಿದವರೇ ಹೆಚ್ಚು. ಅದು ಎತ್ತಿ ಒಯ್ಯುತ್ತದೆ. ಮಾಡಿನ ಮೇಲೆ ಹಾದುಹೋಗುವ ಗಾಳಿ ಮೇಲಿನಿಂದ ಹೀರುತ್ತದೆ, ಸೂರಿನ ಕೆಳಗೆ ಸಿಕ್ಕಿದ ಗಾಳಿ ಒಳಗಿನಿಂದ ನೂಕುತ್ತದೆ. ಮೊದಲು ಹಾರುವುದು ಸೂರಂಚಿನ ಎರಡು ಸಾಲು ಮತ್ತು ನೆತ್ತಿಯ ಹಂಚು. ಅಲ್ಲಿ ಬಾಯಿ ತೆರೆದರೆ ಉಳಿದದ್ದು ಸಾಲುಸಾಲಾಗಿ ಕಳಚಿಕೊಳ್ಳುತ್ತದೆ.

ಹಲವು ಮಂಗಳೂರು ಹಂಚುಗಳ ಅಡಿಯಲ್ಲಿ ತೂತಿರುವ ಸಣ್ಣ ಉಬ್ಬು ಇರುತ್ತದೆ. ಅದು ತಂತಿ ಪೋಣಿಸುವುದಕ್ಕೆಂದೇ ಇರುವುದು. ಸೂರಿನ ಕೆಳಗಿನ ಮೂರು ಸಾಲನ್ನು ತುಕ್ಕು ಹಿಡಿಯದ ತೆಳು ತಂತಿಯಿಂದ ರೀಪಿಗೆ ಕಟ್ಟಿ. ಒಳಗಿನಿಂದ ಏಣಿ ಹಾಕಿ ಕಟ್ಟಬಹುದು, ಮಾಡು ಹತ್ತಬೇಕಿಲ್ಲ. ನೆತ್ತಿಯ ಹಂಚಿನ ಗಾರೆ ಬಿರುಕು ಬಿಟ್ಟಿದ್ದರೆ ಮೂರು ದಿನ ಮೊದಲೇ ಸಿಮೆಂಟು ತುಂಬಬೇಕು. ಮಳೆ ಶುರುವಾದ ಮೇಲೆ ಹಾಕಿದ ಗಾರೆ ಕಚ್ಚುವುದಿಲ್ಲ. ಹತ್ತು-ಹದಿನೈದು ಹಂಚು, ಒಂದು ತಾಡಪಾಲು ಮನೆಯೊಳಗಿರಲಿ.

ಜಗಲಿಯ ಮುಂದಿನ ತಗಡಿನ ಶೀಟು ಹಂಚಿಗಿಂತ ಅಪಾಯಕಾರಿ. ಅದು ಹಾರಿದರೆ ಕತ್ತಿಯಂತೆ ಹೋಗುತ್ತದೆ. ಅಂಚಿನ ಸಾಲಿನಲ್ಲಿ ಒಂದು ಏಣು ಬಿಟ್ಟು ಒಂದಕ್ಕಾದರೂ ಬೋಲ್ಟು ಇರಬೇಕು, ವಾಷರು ಹರಿದಿದ್ದರೆ ಬದಲಿಸಿ. ಶೀಟಿನ ಮೇಲೆ ಕಲ್ಲು, ಟೈರು ಹೇರುವ ಪದ್ಧತಿ ನಮ್ಮಲ್ಲಿದೆ. ದಯವಿಟ್ಟು ಬಿಟ್ಟುಬಿಡಿ. ಶೀಟು ಅಲುಗಾಡಿದಾಗ ಮೊದಲು ಉರುಳುವುದು ಆ ಕಲ್ಲು, ಕೆಳಗೆ ಮಕ್ಕಳಿರುತ್ತಾರೆ. ಅದರ ಬದಲು ಹಳೆಯ ಬಲೆಯನ್ನು ಇಡೀ ಮಾಡಿನ ಮೇಲೆ ಹಾಸಿ, ನಾಲ್ಕೂ ಕಡೆ ನೆಲಕ್ಕೆ ಎರಡಡಿ ಹೊಡೆದ ಗೂಟಗಳಿಗೆ ಎಳೆದು ಕಟ್ಟಿ. ಜಗಲಿಯ ಕಂಬಕ್ಕೆ ಕಟ್ಟಿದರೆ ಕಂಬವೂ ಹೋದೀತು.

ತೆಂಗಿನಮರದಿಂದ ಬಲಿತ ಕಾಯಿ, ಒಣ ಮಡಲು ಇಳಿಸಿ. ಹಸಿರು ಮಡಲು ಬೋಳಿಸುವುದು ಬೇಡ, ಮರ ಸೊರಗುತ್ತದೆ. ಖಾಲಿ ನೀರಿನ ಟಾಂಕಿ ಹಾರುತ್ತದೆ. 500 ಲೀಟರ್ ತುಂಬಿದರೆ ಅದೇ 500 ಕಿಲೋ ಭಾರ. ಗ್ಯಾಸ್ ಸಿಲಿಂಡರು ತುಂಬಿದ್ದರೂ ನೀರಿನಲ್ಲಿ ತೇಲುತ್ತದೆ, ತೇಲುವಾಗ ಪೈಪು ಕಿತ್ತುಕೊಳ್ಳುತ್ತದೆ. ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ, ಕಿಟಕಿಯ ಸರಳಿಗೆ ಕಟ್ಟಿ.

ಮರಳಿನ ಚೀಲಕ್ಕೆ ಮೂರರಲ್ಲಿ ಎರಡು ಪಾಲು ಮಾತ್ರ ಮರಳು ತುಂಬಿ, ಬಾಯಿ ಮಡಚಿ ಅಡಿಗೆ ಹಾಕಿ, ಇಟ್ಟಿಗೆಯಂತೆ ಸಂದು ತಪ್ಪಿಸಿ ಜೋಡಿಸಿ. ಪೂರ್ತಿ ತುಂಬಿದ ಚೀಲ ಉರುಟಾಗಿ, ನಡುವೆ ನೀರಿಗೆ ದಾರಿ ಬಿಡುತ್ತದೆ. ಮನೆಯೆದುರಿನ ಮರಳುದಿಬ್ಬವನ್ನು ಮಾತ್ರ ಅಗೆಯಬೇಡಿ, ಅಲೆಗೆ ಮೊದಲ ತಡೆ ಅದೇ.

ಸಾಮಾನಿನ ವಿಷಯ ಬೇಗ ಮುಗಿಸೋಣ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 5 ಲೀಟರ್, ನಾಲ್ವರಿಗೆ ಮೂರು ದಿನಕ್ಕೆ 60 ಲೀಟರ್. ಅವಲಕ್ಕಿ, ಬೆಲ್ಲ, ಬಿಪಿ-ಸಕ್ಕರೆ ಕಾಯಿಲೆಯ ಮಾತ್ರೆ ಹತ್ತು ದಿನಕ್ಕೆ, ಟಾರ್ಚು, ಪವರ್ ಬ್ಯಾಂಕು. ಆಧಾರ್, ಪಹಣಿ, ರೇಷನ್ ಕಾರ್ಡು, ಬೋಟಿನ ನೋಂದಣಿ ಪತ್ರ ಪ್ಲಾಸ್ಟಿಕ್ ಚೀಲದಲ್ಲಿ. ಅರಬೈಲ್, ದೇವಿಮನೆ ಘಟ್ಟಗಳಲ್ಲಿ ಮಣ್ಣು ಕುಸಿದರೆ ಮೇಲಿನಿಂದ ತರಕಾರಿ ಲಾರಿ ಇಳಿಯುವುದಿಲ್ಲ. ಶಿರಸಿ, ಯಲ್ಲಾಪುರಕ್ಕೆ ಹೋಗಿಬರುವ ಕೆಲಸವಿದ್ದರೆ ಎರಡು ದಿನ ಮೊದಲೇ ಮುಗಿಸಿ.

ಬೋಟು, ದೋಣಿ

ಕಾರವಾರದ ಬೈತಖೋಲ್ ಬಂದರಿಗೆ ಗುಡ್ಡದ ಮರೆಯಿದೆ, ತದಡಿಗೆ ಅಘನಾಶಿನಿಯ ಒಳನೀರಿದೆ. ಹಾಗೆಂದೇ ಇಂಥ ಹೊತ್ತಿನಲ್ಲಿ ಕಾರವಾರದಲ್ಲಿ ಹೊರರಾಜ್ಯದ ಬೋಟುಗಳೂ ಬಂದು ಕಿಕ್ಕಿರಿಯುತ್ತವೆ. ಬಂದರಿನೊಳಗೆ ಬೋಟು ಹಾಳಾಗುವುದು ಹೆಚ್ಚಾಗಿ ಪಕ್ಕದ ಬೋಟಿಗೆ ಬಡಿದು. ಇಬ್ಬದಿಗೂ ಟೈರು ಕಟ್ಟಿ, ನೀರಿನ ಮಟ್ಟಕ್ಕೆ ಒಂದು ಸಾಲು, ಮೇಲಂಚಿಗೆ ಇನ್ನೊಂದು.

ಭರತ ತುಂಬಿದಾಗ ಹಗ್ಗ ಬಿಗಿದು ಕಟ್ಟಿದರೆ ಇಳಿತದಲ್ಲಿ ಬೋಟು ಧಕ್ಕೆಗೆ (ಬೋಟು ಕಟ್ಟುವ ಕಟ್ಟೆಗೆ) ನೇತುಬೀಳುತ್ತದೆ. ಇಳಿತದಲ್ಲಿ ಬಿಗಿದರೆ ಭರತ ಏರಿದಾಗ ಹಗ್ಗ ತುಂಡಾಗುತ್ತದೆ. 2 ಮೀಟರ್ ಏರಿಳಿತಕ್ಕೆ ಸಡಿಲು ಬಿಟ್ಟು, ಮುಂದೆ ಎರಡು, ಹಿಂದೆ ಎರಡು, ಬೇರೆ ಬೇರೆ ಗೂಟಕ್ಕೆ ಕಟ್ಟಿ. ನೈಲಾನ್ ಹಗ್ಗ ಎಳೆತಕ್ಕೆ ಹಿಗ್ಗುತ್ತದೆ, ಜಗ್ಗಿದಾಗ ಪೆಟ್ಟು ತಿನ್ನುವುದು ಅದೇ. ಹಗ್ಗ ತುಂಡಾಗುವುದು ನಡುವಿನಲ್ಲಲ್ಲ, ಕಬ್ಬಿಣದ ಅಂಚಿಗೆ ಉಜ್ಜುವ ಒಂದು ಗೇಣಿನ ಜಾಗದಲ್ಲಿ. ಅಲ್ಲಿ ಹಳೆಯ ನೀರಿನ ಪೈಪು ಸೀಳಿ ತೊಡಿಸಿ, ತಂತಿಯಿಂದ ಸುತ್ತಿ. ಲಂಗರು ಹಾಕುವವರು ಆಳದ 7ರಿಂದ 10 ಪಟ್ಟು ಹಗ್ಗ ಬಿಡಬೇಕು: 4 ಮೀಟರ್ ನೀರಿಗೆ 28ರಿಂದ 40 ಮೀಟರ್. ಹಗ್ಗ ಗಿಡ್ಡವಾದರೆ ಎಳೆತ ಮೇಲ್ಮುಖವಾಗಿ ಲಂಗರು ಕೆಸರಿನಿಂದ ಕಿತ್ತುಬರುತ್ತದೆ.

ನಾಡದೋಣಿಯಿಂದ ಎಂಜಿನು, ಬಲೆ ತೆಗೆದು ಮನೆಗೆ ಒಯ್ಯಿರಿ. ದೋಣಿಯನ್ನು ಹಿಂದಿನ ದೊಡ್ಡ ಭರತದ ಕಸ ನಿಂತ ಗೆರೆಗಿಂತ ಸಾಕಷ್ಟು ಮೇಲಕ್ಕೆಳೆದು, ಒಳಗೆ ಮರಳಿನ ಚೀಲ ಹೇರಿ ಕಟ್ಟಿ. ಗಾಳಿಮರದ ಬುಡ ಬೇಡ, ಅದರ ಬೇರು ಮರಳಿನಲ್ಲಿ ಗಟ್ಟಿ ನಿಲ್ಲುವುದಿಲ್ಲ.

ಕಡಲಿನಲ್ಲಿರುವವರು ಸ್ವಂತ ಬಂದರಿಗೇ ಮರಳುವ ಹಟ ಹಿಡಿಯದೆ ಹತ್ತಿರದ್ದನ್ನು ಸೇರಬೇಕು. ಬೋಟಿನ ವಿಎಚ್‌ಎಫ್ ರೇಡಿಯೊದಲ್ಲಿ ತುರ್ತು ಕರೆಯ 16ನೇ ಚಾನೆಲ್ ತೆರೆದಿರಲಿ. ಅಳಿವೆ (ಹೊಳೆ ಕಡಲು ಸೇರುವ ಬಾಯಿ) ದಾಟುವಾಗ ಇಳಿತದ ಹೊತ್ತು ತಪ್ಪಿಸಿ. ಹೊರಹೋಗುವ ಹೊಳೆನೀರು ಒಳಬರುವ ಅಲೆಗೆ ಎದುರಾದರೆ ಅಲೆ ಗಿಡ್ಡವಾಗಿ, ಕಡಿದಾಗಿ ಎದ್ದು ಅಲ್ಲೇ ಒಡೆಯುತ್ತದೆ. ಹೂಳು ತುಂಬಿದ ಹೊನ್ನಾವರದ ಶರಾವತಿ ಅಳಿವೆಯಂಥ ಕಡೆ ಬೋಟು ಮಗುಚಲು ಅಷ್ಟು ಸಾಕು. ಭರತ ಏರಿ ನೀರು ನಿಲ್ಲುವವರೆಗೆ ಹೊರಗೇ ಕಾಯುವುದು ಲೇಸು.

ಬಿರುಗಾಳಿಯ ಹೊತ್ತು

ಸರ್ಕಾರ ತೆರೆದ ಕಾಳಜಿ (ಆಶ್ರಯ) ಕೇಂದ್ರಕ್ಕೆ ಹೋಗಿ ಎಂದರೆ ಹಗಲಲ್ಲೇ ಹೊರಡಿ, ಮುದುಕರು, ಬಾಣಂತಿಯರು ಮೊದಲು. ಕಾಳಿ ನದಿಯ ಕದ್ರಾ ಅಣೆಕಟ್ಟಿನ ಕೆಳಗಿನವರು ಅಕ್ಟೋಬರಿನಲ್ಲಿ ನೀರು ಬಿಡುವ ಸೂಚನೆಗೂ ಕಿವಿಗೊಡಬೇಕು. ಮಳೆನೀರು, ಬಿಟ್ಟ ನೀರು, ಭರತ ಮೂರೂ ಕೂಡಿದರೆ ಕಾಳಿ ಹಿಮ್ಮೆಟ್ಟುತ್ತಾಳೆ. ಮನೆಯ ಹಿಂದೆ ಕಡಿದ ಗುಡ್ಡವಿದ್ದರೆ ಹೊಸ ಬಿರುಕು, ವಾಲಿದ ಮರ, ಒರತೆಯಲ್ಲಿ ದಿಢೀರನೆ ಕೆಂಪು ನೀರು ಕಂಡೊಡನೆ ಜಾಗ ಬಿಡಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಕುಸಿದದ್ದು ಹೆದ್ದಾರಿ ಪಕ್ಕದ ಗುಡ್ಡವೇ.

ಮನೆಯಲ್ಲಿರುವವರು ಮೇನ್ ಸ್ವಿಚ್ ಆರಿಸಿ, ಗಾಳಿ ಬರುವ ಕಡೆಯ ಬಾಗಿಲು, ಕಿಟಕಿ ಪೂರ್ತಿ ಮುಚ್ಚಿ. ಒತ್ತಡ ಕಡಿಮೆಯಾಗಲೆಂದು ಕಿಟಕಿ ತೆರೆದಿಡುವುದು ತಪ್ಪು. ಒಳನುಗ್ಗಿದ ಗಾಳಿ ಮಾಡನ್ನೇ ಎತ್ತುತ್ತದೆ. ತುರ್ತಿಗೆ 112, ಜಿಲ್ಲಾ ವಿಪತ್ತು ಕೊಠಡಿಗೆ 1077, ಕಡಲಿನಲ್ಲಿ ಸಿಕ್ಕವರಿಗೆ ಕರಾವಳಿ ರಕ್ಷಣಾ ಪಡೆಯ 1554, ತಂತಿ ಬಿದ್ದರೆ ಹೆಸ್ಕಾಂನ 1912. ಬಿದ್ದ ತಂತಿಯಿಂದ ಹತ್ತು ಮೀಟರಾದರೂ ದೂರವಿರಿ.

ಬಾವಿ

ಕೊಚ್ಚೆ ಸೇರಿದ ಬಾವಿಯ ಕೆಸರು ತೆಗೆದು ಬ್ಲೀಚಿಂಗ್ ಪುಡಿ ಹಾಕಬೇಕು. ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ (ಅಳತೆ ಮೀಟರಿನಲ್ಲಿ). 2 ಮೀಟರ್ ಅಗಲ, 3 ಮೀಟರ್ ನೀರಿದ್ದರೆ 9,420 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಪುಡಿ, ಅಂದರೆ ಸುಮಾರು 24 ಗ್ರಾಂ. ನೆರೆನೀರು ಸೇರಿದ್ದರೆ ಇಮ್ಮಡಿ. ಪುಡಿಯನ್ನು ನೇರ ಸುರಿಯಬೇಡಿ. ಬಕೆಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಮುಕ್ಕಾಲು ತುಂಬಿಸಿ, ಹತ್ತು ನಿಮಿಷ ಬಿಟ್ಟು, ತಿಳಿಯನ್ನು ಇನ್ನೊಂದು ಬಕೆಟಿಗೆ ಬಸಿದು, ಬಾವಿಗಿಳಿಸಿ ಮೇಲೆ-ಕೆಳಗೆ ಆಡಿಸಿ. ತಳದ ಸುಣ್ಣ ಬಾವಿಗೆ ಬೇಡ. ಒಂದು ಗಂಟೆ ಕಳೆದ ಮೇಲೆ ಬಳಸಿ, ಕುಡಿಯುವ ನೀರನ್ನು ಕೆಲವು ದಿನ ಕುದಿಸಿಯೇ ಕುಡಿಯಿರಿ.

ಕಡಲ ನೀರೇ ನುಗ್ಗಿದ್ದರೆ ಬ್ಲೀಚಿಂಗ್ ಪುಡಿಯಿಂದ ಉಪ್ಪು ಹೋಗುವುದಿಲ್ಲ. ಮರಳುನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿರುತ್ತದೆ. ಪಂಪು ಹಾಕಿ ಒಂದೇ ಸಲ ಬತ್ತಿಸಿದರೆ ಅಡಿಯ ಉಪ್ಪುನೀರು ಮೇಲೇರುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಎತ್ತಿ ಹೊರಚೆಲ್ಲಿ, ಮಳೆ ತೊಳೆಯಲು ಬಿಡಿ.

ಕೆಸರು ತೆಗೆಯುವಾಗ ಗಂಬೂಟು ಹಾಕಿಕೊಳ್ಳಿ. ಕಾಲಿನ ಗಾಯದಿಂದಲೇ ಇಲಿಜ್ವರ ಒಳಸೇರುತ್ತದೆ. ಜ್ವರದೊಂದಿಗೆ ಮೀನಖಂಡ ನೋಯತೊಡಗಿದರೆ ಅದೇ ದಿನ ವೈದ್ಯರನ್ನು ಕಾಣಿ. ಮುರಿದದ್ದನ್ನು ಸರಿಪಡಿಸುವ ಮೊದಲು ಫೋಟೋ ತೆಗೆದಿಡಿ, ಪಂಚನಾಮೆಗೆ ಬೇಕಾಗುತ್ತದೆ. ಫಸಲ್ ಬಿಮಾ (ಬೆಳೆ ವಿಮೆ) ಮಾಡಿಸಿದವರು, ಕೊಯ್ದು ಗದ್ದೆಯಲ್ಲಿ ಒಣಹಾಕಿದ ಭತ್ತ ನೆನೆದರೆ 72 ಗಂಟೆಯೊಳಗೆ ತಿಳಿಸಬೇಕು. ಕೊಯ್ಲಾದ 14 ದಿನದೊಳಗಿನ ನಷ್ಟಕ್ಕಷ್ಟೇ ಪರಿಹಾರ.

ಕಡಲಿಗಿಳಿಯುವವರು ಎಚ್ಚರಿಕೆ ಹಿಂತೆಗೆದ ಮೇಲೂ ಒಂದು ಭರತ ಕಳೆಯಲು ಬಿಡಿ. ಅಳಿವೆಯ ಹೂಳು ಜಾಗ ಬದಲಿಸಿರುತ್ತದೆ, ನಿನ್ನೆಯ ದಾರಿ ಇಂದಿನದಲ್ಲ. ಮೊದಲು ಒಂದು ಸಣ್ಣ ದೋಣಿ ಹಗಲಿನಲ್ಲಿ, ಗಳ ಹಾಕಿ ಆಳ ನೋಡುತ್ತ ಹೋಗಿ ಬರಲಿ. ದೊಡ್ಡ ಬೋಟುಗಳು ಆ ದಾರಿಯಲ್ಲೇ ಹಿಂಬಾಲಿಸಲಿ.